ಎಡಗಾಲಿನ ಸಂಬಳ

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಅಂಗವೈಕಲ್ಯದ ತಪಾಸಣೆ ನಡೆಯುವ ಕೋಣೆಯ ಮುಂದೆ ಒಂದು ಕಬ್ಬಿಣದ ಬೆಂಚಿದೆ. ಈಚೆಗೆ ಅಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸೊಬ್ಬಳು, ತನ್ನ ಗಂಡನ ತಲೆಯನ್ನು ಭುಜಕ್ಕೆ ಆನಿಸಿಕೊಂಡೇ ನನ್ನನ್ನು ಕೇಳಿದಳು.

“ಅಕ್ಕಾ, ನಿಮ್ ಯಜಮಾನ್ರಿಗೆ ವಾಸಿ ಆಗ್ತಾ ಐತಾ?”

ಸುಲಭದ ಪ್ರಶ್ನೆ. ವಾಸಿಯಾಗುತ್ತಿದೆ ಎಂದರೆ ಸಂತೋಷ. ಆದರೆ ಆ ಕೋಣೆಯೊಳಗೆ ಹೋದ ಮೇಲೆ, ವಾಸಿಯಾದಷ್ಟೂ ತಿಂಗಳ ದುಡ್ಡು ಕಡಿಮೆ. ಹಾಗಾಗಿ ಆ ಬೆಂಚಿನ ಮೇಲೆ ಕುಳಿತವರಿಗೆ ತಾವು ಏನನ್ನು ಬಯಸಬೇಕು ಎಂಬುದೇ ತಿಳಿಯುವುದಿಲ್ಲ. ಅವಳಿಗೆ ಸುಮ್ಮನೆ ತಲೆ ಆಡಿಸಿದೆ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಅವಳಿಗೆ ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ. ನಮ್ಮಿಬ್ಬರಂಥವರು ಇನ್ನೂ ಇದ್ದಾರೆ.

ನನ್ನ ಗಂಡ ಮುನಿರಾಜು ಟೈಲ್ಸ್ ಹಾಕುವ ಕೆಲಸದವರು. ಇಬ್ಬರದೂ ಕಾಮಸಮುದ್ರದ ಕಡೆಯ ಹಳ್ಳಿ. ಮದುವೆಯಾದ ಮೇಲೆ, ಮುಚ್ಚಿಹೋದ ಚಿನ್ನದ ಗಣಿಯ ಕಡೆಯ ನಂದಿದುರ್ಗಕ್ಕೆ ಬಂದು, ಹಿಂದೆ ಗಣಿ ಕೆಲಸದವರಿಗೆಂದು ಕಟ್ಟಿದ್ದ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಅವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಶನಿವಾರ ಬಟವಾಡೆ. ಆ ದಿನ ಬಂದವರೇ ಕಾಲು ತೊಳೆದು, ಒಳಗೆ ಬಂದು, ಕೂಲಿಯ ಅಷ್ಟೂ ದುಡ್ಡನ್ನು ಬಲಗೈಯಲ್ಲಿ ಹಿಡಿದು “ತಗೋ” ಎನ್ನುತ್ತಿದ್ದರು. ನಾನು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದಿಟ್ಟು, ಆಮೇಲೆ ಸಾಸಿವೆ ಡಬ್ಬಿಗೆ ಹಾಕುತ್ತಿದ್ದೆ. ಅಲ್ಲಿಂದ ಮುಂದೆ ಲೆಕ್ಕವೆಲ್ಲ ನನ್ನದು. ಟೀ ಬೀಡಿಗೆ ಬೇಕಾದಾಗ ಅವರೇ ನನ್ನನ್ನು ಕೇಳುತ್ತಿದ್ದರು. ಹೀಗೇ ನಡೆದಿತ್ತು ನಮ್ಮ ಸಂಸಾರ.

ಸ್ಟ್ರೋಕ್ ಹೊಡೆದದ್ದು ರೈಲು ನಿಲ್ದಾಣದಲ್ಲಿ. ನಾನು ನೋಡಲಿಲ್ಲ, ಜೊತೆಯವರು ಹೇಳಿದ್ದನ್ನು ಬರೆಯುತ್ತೇನೆ. ಎಡಗೈಯಿಂದ ಊಟದ ಡಬ್ಬಿ ಜಾರಿತಂತೆ. ಬಗ್ಗಿ ಎತ್ತಿಕೊಳ್ಳಲು ಹೋದರಂತೆ. ಎತ್ತಲಾಗದೆ ಅಲ್ಲೇ ಕುಳಿತು ನಕ್ಕರಂತೆ. ಆ ನಗು ಮುಖದ ಒಂದೇ ಕಡೆಯಲ್ಲಿತ್ತು. ಜೊತೆಯವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ತಾವೂ ನಕ್ಕರಂತೆ. ಅದನ್ನು ಹೇಳುವಾಗ ಅವರಲ್ಲೊಬ್ಬರು ನನ್ನ ಮುಖ ನೋಡಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ನಾನು ಕುರ್ಚಿಯ ಮೇಲೆ ಕುಳಿತು ಅವರ ಬಲಗೈ ಹಿಡಿದುಕೊಂಡಿರುತ್ತಿದ್ದೆ. ಎಡಗೈ ಹಿಡಿದರೆ ಅವರಿಗೆ ತಿಳಿಯುತ್ತಿರಲಿಲ್ಲ. ಮಗಳು ಪವಿತ್ರ ಆಗ ಪಿಯುಸಿ ಮೊದಲ ವರ್ಷ. ಪುಸ್ತಕ ತೆರೆದಿಟ್ಟುಕೊಂಡು ಒಂದೇ ಪುಟ ನೋಡುತ್ತಿದ್ದಳು. ಕೆಲವು ದಿನಗಳ ಮೇಲೆ ಅವರಿಗೆ ಮಾತು ಬಂತು. ನನ್ನ ಹೆಸರು ಕರೆಯುತ್ತಾರೆ ಎಂದುಕೊಂಡೆ. ಅವರು ನೆಲ ನೋಡುತ್ತಾ, ತೊದಲುತ್ತಾ ಹೇಳಿದ್ದು ಇಷ್ಟು: “ಆ ಮೂಲೆ ಟೈಲು ಎದ್ದೈತೆ. ನೋಡ್ಕಂಡ್ ಓಗು.”

ನರ್ಸ್ ನಕ್ಕರು. ನಾನು ಹೊರಗೆ ಹೋಗಿ ಅತ್ತೆ. ಸಂತೋಷಕ್ಕೋ ದುಃಖಕ್ಕೋ ಆಗಲೂ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಕೂಡಿಟ್ಟದ್ದು ಬೇಗ ಕರಗಿತು. ಯಾರೋ ಹೇಳಿದರೆಂದು ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದೆವು. ತಪಾಸಣೆಗೆ ಅವರನ್ನು ಆಟೋದಲ್ಲಿ ಮಲಗಿಸಿಕೊಂಡೇ ಹೋಗಿದ್ದೆವು. ನೂರರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಂಗವೈಕಲ್ಯ ಎಂದು ಡಾಕ್ಟರು ಬರೆದರು. ಹಾಗೆ ಬರೆದರೆ ಬರುವ ದುಡ್ಡು ದೊಡ್ಡದು, ಅದಕ್ಕಿಂತ ಕೆಳಗಾದರೆ ಚಿಕ್ಕದು. ದೊಡ್ಡದು ಎಂದರೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಮನೆ ಬಾಡಿಗೆಗೂ ಅವರ ಮಾತ್ರೆಗೂ ಆಗುತ್ತಿತ್ತು. ನಾನು ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ತಂದದ್ದರಲ್ಲಿ ಅಡುಗೆ ಮನೆ ನಡೆಯುತ್ತಿತ್ತು. ಮನೆಯೊಡತಿಗೆಂದು ಸರ್ಕಾರ ಕೊಡುವುದು ಪವಿತ್ರಳ ಕಾಲೇಜಿಗೆ. ಹೀಗೆ ಮೂರು ಕಡೆಯಿಂದ ಬಂದದ್ದು ಮೂರು ಕಡೆಗೆ ಹೋಗಿ ಡಬ್ಬಿ ಖಾಲಿಯಾಗುತ್ತಿತ್ತು, ಆದರೆ ಸಾಲ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಮನೆಯಲ್ಲೇ ಇರಬಹುದಿತ್ತು. ಅವರು ಒಮ್ಮೆ ಬಚ್ಚಲಲ್ಲಿ ಬಿದ್ದಿದ್ದರು. ನೀರು ತರಲು ಹೋಗಿದ್ದ ನಾನು ಬರುವವರೆಗೂ ಕೂಗದೆ, ಒದ್ದೆ ನೆಲದ ಮೇಲೆ ಹಾಗೇ ಮಲಗಿದ್ದರು. ಆ ದಿನದಿಂದ ಅವರನ್ನು ಒಬ್ಬರೇ ಬಿಡಲು ನನಗೆ ಧೈರ್ಯವಿರಲಿಲ್ಲ.

ಮೊದಲ ಸಲ ದುಡ್ಡು ಬಂದಾಗ ಅದನ್ನು ಅವರ ಕೈಗೇ ಇಟ್ಟೆ.

“ನಂಗ್ಯಾಕೆ?” ಅಂದರು.

“ನಿಮ್ ದುಡ್ಡಲ್ವಾ.”

“ನಾನೇನ್ ಕೆಲ್ಸ ಮಾಡ್ದೆ?” ಸ್ವಲ್ಪ ಹೊತ್ತು ನೋಟುಗಳನ್ನು ನೋಡಿದರು. ಆಮೇಲೆ ತಮ್ಮ ಎಡಗಾಲನ್ನು ತೋರಿಸಿದರು. “ಇವ್ನು ದುಡ್ದವ್ನೆ. ಬಲಗಾಲು ಸೋಂಬೇರಿ, ಸುಮ್ನೆ ನಡೀತೈತೆ. ಬಿದ್ಕಂಡ್ ಇರೋನೇ ಸಂಬ್ಳ ತರೋದು.”

ಪವಿತ್ರ ನಕ್ಕಳು. ಅವರೂ ಒಂದು ಕಡೆ ನಕ್ಕರು. ಮತ್ತೆ ಅದೇ ಹಳೆಯ ಹಾಗೆ ಬಲಗೈ ಚಾಚಿ “ತಗೋ” ಅಂದರು. ಅಂದಿನಿಂದ ಪ್ರತಿ ತಿಂಗಳೂ ಹಾಗೇ. ನಾನು ತಂದು ಕೊಡುವುದು, ಅವರು ಕೊಡುವುದು, ನಾನು ಕಣ್ಣಿಗೊತ್ತಿಕೊಳ್ಳುವುದು. ನೋಡಿದವರಿಗೆ ಮಕ್ಕಳಾಟ ಎನ್ನಿಸಬಹುದು. ಊರಿನ ಕಡೆಯ ನೆಂಟರೊಬ್ಬರು, “ಕುಂತ್ ಕಡೇಗೇ ಸಂಬ್ಳ ಬತ್ತೈತೆ, ನಿಂಗೇನ್ ಬಿಡಮ್ಮಾ” ಅಂದಾಗ ಮಾತ್ರ ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟಿಗೆ ಅವಧಿ ಇತ್ತು. ಅವಧಿ ಮುಗಿದ ಮೇಲೆ ಮತ್ತೆ ತಪಾಸಣೆ. ಅಷ್ಟರಲ್ಲಿ ಅವರು ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗುವಂತಾಗಿದ್ದರು. ಪಕ್ಕದ ಮನೆಯ ಸೆಲ್ವಿ ಅಕ್ಕ, ಗಣಿಯಲ್ಲಿ ದುಡಿದವರ ಮಗಳು, ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುವವರು, ನಮ್ಮ ಕಟ್ಟೆಯ ಮೇಲೆ ಕುಳಿತು ನನಗೆ ಬುದ್ಧಿ ಹೇಳಿದರು.

“ಇಂಗೆ ಪಾರು, ಇಲ್ಲಿ ನೋಡು ರತ್ನಾ. ಒಂದ್ ವಾರ ಶೇವಿಂಗ್ ಮಾಡ್ಬೇಡ. ಹಳೇ ಲುಂಗಿ ಉಡ್ಸು. ಡಾಕ್ಟರ್ ಏನ್ ಕೇಳಿದ್ರೂ ಅಣ್ಣ ಬಾಯಿ ತೆರೀಬಾರ್ದು. ಪಾವಂ, ಅಯ್ಯೋ ಪಾಪ ಅಂತ ಕಾಣ್ಬೇಕು.”

“ಸುಳ್ಳು ಹೇಳ್ಬೇಕಾ ಅಕ್ಕಾ?”

“ಯಾರು ಸುಳ್ಳು ಹೇಳಿದ್ದು? ಬಾಯೇ ತೆರೀಬೇಡ ಅಂದ್ನಲ್ಲ.”

ನಾನು ಶೇವಿಂಗ್ ವಿಷಯ ಎತ್ತಲಿಲ್ಲ. ಗಡ್ಡ ಬೆಳೆಯಿತು. ಆದರೆ ತಪಾಸಣೆಯ ದಿನ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವರು ಪವಿತ್ರಳ ಕೈಲಿ ಗಡ್ಡ ತೆಗೆಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಕುಳಿತಿದ್ದರು. “ದೊಡ್ಡೋರ್ ಮುಂದಕ್ಕೆ ಓಗ್ಬೇಕಾದ್ರೆ ಹಂಗೇ ಓಗಕ್ಕಾಗ್ತೈತಾ?” ಅಂದರು.

ಬಸ್ಸಿನಲ್ಲಿ ನನಗೆ ಟಿಕೆಟ್ ಇಲ್ಲ, ಅವರಿಗಿತ್ತು. ಕಂಡಕ್ಟರಿಗೆ, “ನಡಿಯೋಳ್ಗೆ ಫ್ರೀ, ನಡಿಯದೋನ್ಗೆ ಟಿಕೆಟ್ಟಾ ಸಾರ್?” ಎಂದು ಕೇಳಿದರು. ಕಂಡಕ್ಟರ್, “ಸೀರೆ ಉಟ್ಕಂಡ್ ಬಾರಣ್ಣ ನಾಳೆ” ಅಂದ. ಬಸ್ಸಿನವರೆಲ್ಲ ನಕ್ಕರು. ಅವರು ಅಷ್ಟು ಉತ್ಸಾಹದಲ್ಲಿದ್ದುದನ್ನು ಬಹಳ ಕಾಲದ ಮೇಲೆ ನೋಡಿದೆ.

ಹೆಸರು ಕರೆದಾಗ ನಡೆದದ್ದನ್ನು ನಿಧಾನವಾಗಿ ಬರೆಯಬೇಕು. ಬಾಗಿಲ ಹತ್ತಿರ ಅವರು ನಿಂತರು. ಚಪ್ಪಲಿ ಬಿಟ್ಟರು. ಆಮೇಲೆ ಕೋಲನ್ನೂ ಚಪ್ಪಲಿಯ ಪಕ್ಕ ಗೋಡೆಗೆ ಒರಗಿಸಿದರು. ನಮ್ಮ ಕಡೆ ದೊಡ್ಡವರ ಕೋಣೆಗೆ ಹೋಗುವಾಗ ಹೆಗಲ ಟವೆಲ್ ಇಳಿಸುತ್ತಾರೆ, ಚಪ್ಪಲಿ ಬಿಡುತ್ತಾರೆ. ಅವರಿಗೆ ಕೋಲೂ ಅದೇ ಜಾತಿಯದ್ದಾಗಿ ಕಂಡಿತು. ನಾನು ತೋಳು ಹಿಡಿಯಲು ಹೋದೆ. ಬೇಡವೆಂದು ಮೊಣಕೈಯಿಂದ ಸರಿಸಿದರು. ಬಾಗಿಲಿನಿಂದ ಡಾಕ್ಟರ ಮೇಜಿನವರೆಗೆ ಏನನ್ನೂ ಹಿಡಿಯದೆ ನಡೆದರು. ಸ್ಟ್ರೋಕ್ ಆದ ಮೇಲೆ ಅವರು ಹಾಗೆ ನಡೆದದ್ದು ಅದೇ ಮೊದಲು. ನೆಲ ನೋಡುತ್ತಿದ್ದರು, ಟೈಲಿನ ಗೆರೆ ಹಿಡಿದು ಹೆಜ್ಜೆ ಇಡುತ್ತಿದ್ದರು. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಅದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು, ಮುಂದೆ ಕುಳಿತಿದ್ದ ಡಾಕ್ಟರಿಗೆ ಕಾಣುವಂತಿರಲಿಲ್ಲ.

“ಹೇಗಿದ್ದೀರಪ್ಪಾ?” ಎಂದು ಡಾಕ್ಟರು ಕೇಳಿದರು. ಒಳ್ಳೆಯ ಮನುಷ್ಯ. ತಲೆ ಎತ್ತಿ ನೋಡಿಯೇ ಕೇಳಿದರು.

“ಚೆನ್ನಾಗಿದೀನಿ ಸಾರ್. ತಮ್ಮ ದಯ.”

“ಕೆಲಸ ಎಲ್ಲ ನೀವೇ ಮಾಡ್ಕೋತೀರಾ?”

“ಮಾಡ್ಕತೀನಿ ಸಾರ್.”

ನಾನು, “ಸಾರ್, ಮನೇಲಿ ಇಂಗಿಲ್ಲ. ಕೋಲಿಲ್ದೆ ಆಗಲ್ಲ” ಅಂದೆ. ಡಾಕ್ಟರು ಕೋಲು ಎಲ್ಲಿ ಎಂದು ನೋಡಿದರು. ಅದು ಬಾಗಿಲಾಚೆ ಇತ್ತು. “ಅಮ್ಮಾ, ಇಷ್ಟು ಬೇಗ ಇಷ್ಟು ನಡೀತಿದಾರಲ್ಲ, ಖುಷಿ ಪಡಿ” ಅಂದರು. ಕೈ ಎತ್ತಿಸಿ, ಕಾಲು ಎಳೆಸಿ ನೋಡಿ ಬರೆದುಕೊಂಡರು. ಅವರು ಹೇಳಿದ್ದು ಸರಿಯೇ. ಖುಷಿಪಡಬೇಕಾದ್ದೇ. ನನ್ನ ಗಂಡ ಪರೀಕ್ಷೆ ಪಾಸಾದ ಹುಡುಗನ ಹಾಗೆ ನನ್ನ ಕಡೆ ತಿರುಗಿ ನೋಡಿದರು.

ಹೊರಗೆ ಬಂದು ಬೆಂಚಿನ ಮೇಲೆ ಬಹಳ ಹೊತ್ತು ಕುಳಿತರು. ಬಲಗೈಯಿಂದ ಎಡಗಾಲನ್ನು ಒತ್ತಿಕೊಂಡರು. ಆಮೇಲೆ, “ಪಾನಿಪುರಿ ತಿನ್ನಾನ ನಡಿ. ನಾನ್ ಕೊಡಿಸ್ತೀನಿ, ದುಡ್ ಕೊಡು” ಅಂದರು. ಬಂಗಾರಪೇಟೆಯ ಪಾನಿಪುರಿಯ ನೀರಿಗೆ ಬಣ್ಣವಿರುವುದಿಲ್ಲ. ನೋಡಲು ಬರೀ ನೀರು, ಬಾಯಿಗಿಟ್ಟರೆ ಖಾರ. ಗಾಡಿಗೆ ಕೋಲು ಒರಗಿಸಿ, ಬಲಗೈಯಲ್ಲಿ ಒಂದೊಂದೇ ತಿಂದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದುಕೊಂಡರು.

ಕೆಲವು ತಿಂಗಳ ಮೇಲೆ ದುಡ್ಡು ಕಡಿಮೆ ಬಂತು. ಅವರ ಕೈಗೆ ಇಟ್ಟಾಗ ಎಣಿಸದೆಯೇ ತಿಳಿಯಿತು. “ಯಾಕೆ?” ಅಂದರು. ಹೊಸ ತಪಾಸಣೆಯಲ್ಲಿ ಡಾಕ್ಟರು ಮುಕ್ಕಾಲು ಪಾಲಿಗಿಂತ ಕಡಿಮೆ ಬರೆದಿದ್ದಾರೆ ಎಂದು ಪವಿತ್ರ ಬಿಡಿಸಿ ಹೇಳಿದಳು. ಅವರು ಎಡಗಾಲನ್ನು ನೋಡಿ, “ಇವ್ನಿಗೆ ಸಂಬ್ಳ ಕಟ್ ಮಾಡವ್ರೆ. ಸರ್ಯಾಗಿ ಬಿದ್ಕಂಡಿಲ್ಲ ಅಂತ” ಅಂದರು. ಈ ಸಲ ಯಾರೂ ನಗಲಿಲ್ಲ.

ಕಡಿಮೆಯಾದದ್ದು ಸರಿಯಾಗಿ ಮಾತ್ರೆಯ ದುಡ್ಡು. ಮಾತ್ರೆ ಬಿಡುವಂತಿಲ್ಲ. ನರಸಾಪುರದ ಕಡೆಯ ಕಾರ್ಖಾನೆಯೊಂದರ ಬಸ್ಸು ನಮ್ಮ ಕಡೆಯ ಹೆಂಗಸರನ್ನು ಕರೆದೊಯ್ಯುತ್ತದೆ. ನಾನೂ ಹತ್ತಿದೆ. ಹೋಗುವ ಮೊದಲು ಅಡುಗೆ ಮಾಡಿ, ತಟ್ಟೆಗೆ ಬಡಿಸಿ ಮುಚ್ಚಿ, ಬಾಗಿಲ ಬಳಿಯ ಕುರ್ಚಿಯ ಪಕ್ಕ ದೊಡ್ಡ ಬಾಟಲಿಯಲ್ಲಿ ನೀರಿಟ್ಟು ಹೋಗುತ್ತಿದ್ದೆ. ಸಂಜೆ ಬಂದರೆ ತಟ್ಟೆ ಖಾಲಿ, ಬಾಟಲಿ ಖಾಲಿ. “ಎಂಗಿದ್ರಿ?” ಎಂದರೆ “ನಂಗೇನ್, ಚೆನ್ನಾಗಿದ್ದೆ” ಎನ್ನುತ್ತಿದ್ದರು. ನಾನು ನಂಬಿದೆ. ಸಂಬಳ ಬಂತು, ಮಾತ್ರೆ ಬಂತು. ಲೆಕ್ಕ ಸರಿಹೋಯಿತು ಎಂದುಕೊಂಡೆ.

ಒಂದು ಭಾನುವಾರ ಸೆಲ್ವಿ ಅಕ್ಕ ಪೂಜೆಗೆ ಕನಕಾಂಬರ ಕೇಳಲು ಬಂದರು. ನಮ್ಮ ಬಾಗಿಲ ಬಳಿ ಹಳೆಯ ಪೇಂಟ್ ಡಬ್ಬದಲ್ಲಿ ಒಂದು ಗಿಡ ಇದೆ. “ಅಬ್ಬಾ, ಬೇಸಿಗೇಲಿ ಎಲ್ರದ್ದೂ ಒಣಗೈತೆ, ನಿಂದು ಮಾತ್ರ ಕಾಡು ಆಗೈತಲ್ಲಾ. ಯಾರ್ ಹಾಕ್ತಾರೆ ಇದಕ್ಕೆ ತಣ್ಣಿ?” ಅಂದರು. ನಾನು ನೀರು ಹಾಕಿರಲಿಲ್ಲ. ಪವಿತ್ರಳೂ ಹಾಕಿರಲಿಲ್ಲ. ಕುರ್ಚಿಯಲ್ಲಿ ಕುಳಿತರೆ ಕೈಗೆ ಸಿಗುವಷ್ಟು ಹತ್ತಿರ ಆ ಗಿಡ. ನಾನು ಅವರನ್ನು ನೋಡಿದೆ. ಅವರು ಬೀದಿ ನೋಡುತ್ತಿದ್ದರು.

ಅದೇ ವಾರ ಅವರಿಗೆ ಚಳಿಜ್ವರ ಬಂತು, ಮೂತ್ರ ಉರಿ ಎಂದು ಮುಲುಗಿದರು. ಹತ್ತಿರದ ಡಾಕ್ಟರಮ್ಮ ನೋಡಿ, “ನೀರೇ ಕುಡಿಯಲ್ವಾ ಇವರು?” ಎಂದು ನನ್ನನ್ನು ಕೇಳಿದರು. ನಾನು, “ಬಾಟ್ಲಿ ತುಂಬಾ ಕುಡೀತಾರೆ” ಎನ್ನಲು ಹೋಗಿ ನಿಲ್ಲಿಸಿದೆ.

ಆ ಜ್ವರ ಇಳಿದ ಮೇಲೆ ಪವಿತ್ರ ಹಟ ಹಿಡಿದಳು. ಮತ್ತೆ ತಪಾಸಣೆ ಮಾಡಿ ಎಂದು ಕೇಳಬಹುದು ಅಂತ ವಿಚಾರಿಸಿಕೊಂಡು ಬಂದಿದ್ದಳು. “ಸುಳ್ ಹೇಳೋದ್ ಬೇಡ. ನಿಜ ಹೇಳ್ದ್ರೆ ಸಾಕು. ಆದ್ರೆ ಅಪ್ಪಂಗೆ ನಿಜ ಹೇಳಕ್ಕೇ ಬರಲ್ಲ” ಅಂದಳು. ಅವಳೇ ಕಲಿಸಲು ಕುಳಿತಳು. ನನ್ನ ಅಳತೆಯ ಟೇಪನ್ನು ಡಾಕ್ಟರ ಹಾಗೆ ಕೊರಳಿಗೆ ಹಾಕಿಕೊಂಡು ಮಂಚದ ಮೇಲೆ ಕುಳಿತು ಕೇಳಿದಳು.

“ಹೇಗಿದ್ದೀರಪ್ಪಾ?”

“ಚೆನ್ನಾಗಿದೀನಿ ಸಾರ್.”

“ಫೇಲು. ಇನ್ನೊಂದ್ ಸಲ. ಹೇಗಿದ್ದೀರಪ್ಪಾ?”

“ಪರ್ವಾಗಿಲ್ಲ ಸಾರ್.”

“ಅದೂ ಫೇಲು.”

“ದೇವ್ರು ಮಡಗ್ದಂಗೆ ಇದೀನಿ ಸಾರ್.”

“ಜಸ್ಟ್ ಪಾಸು” ಎಂದಳು. ಮೂವರೂ ನಕ್ಕೆವು. ಆಮೇಲೆ ಅವಳು ಟೇಪು ತೆಗೆದು ಪಕ್ಕಕ್ಕಿಟ್ಟು, “ಅಪ್ಪಾ, ಏನ್ ಮಾಡಕ್ಕಾಗಲ್ಲ ಅಂತ ಹೇಳು” ಅಂದಳು. ಮಗಳ ಪ್ರಶ್ನೆಯೋ ಡಾಕ್ಟರ ಪ್ರಶ್ನೆಯೋ ಎಂದು ಅವರು ತುಸು ಗೊಂದಲಪಟ್ಟರು.

“ಗುಂಡಿ ಆಕಕ್ಕಾಗಲ್ಲ” ಅಂದರು.

“ಇನ್ನೇನು?”

“ಎಡಗೈಗೆ ಬಿಸಿ ತಿಳಿಯಲ್ಲ. ಆವತ್ತು ಬೊಬ್ಬೆ ಬಂದಿತ್ತಲ್ಲ, ಸೊಳ್ಳೆ ಕಚ್ತು ಅಂದೆ. ಸೊಳ್ಳೆ ಅಲ್ಲ, ಟೀ ಲೋಟ.”

“ಇನ್ನೇನು?”

ನನ್ನ ಕಡೆ ನೋಡದೆ ಹೇಳಿದರು. “ನಿಮ್ಮಮ್ಮ ಓದ್ಮೇಲೆ ಬಚ್ಚಲ್‌ಮನೇಗ್ ಓಗಕ್ಕೆ ಭಯ. ಬಿದ್ರೆ ಎತ್ತೋರಿಲ್ಲ. ನೀರ್ ಕುಡುದ್ರೆ ಓಗ್ಬೇಕಾಗ್ತೈತೆ. ಅದ್ಕೇ ಗಿಡಕ್ಕಾಕ್ತಿದ್ದೆ. ಬಾಟ್ಲಿ ಹಂಗೇ ಇದ್ರೆ ಅವ್ಳು ಕೆಲ್ಸ ಬಿಟ್ಬಿಡ್ತಾಳೆ.”

ಡಾಕ್ಟರ ಮುಂದೆ ಹೇಳಿದ “ಚೆನ್ನಾಗಿದೀನಿ” ನನ್ನ ಮುಂದೆಯೂ ದಿನಾ ಸಂಜೆ ಹೇಳಿದ್ದೇ ಆಗಿತ್ತು. ನಾನು ಮನೆಯ ದುಡ್ಡಿನ ಲೆಕ್ಕವನ್ನೆಲ್ಲ ತಪ್ಪಿಲ್ಲದೆ ಇಟ್ಟವಳು. ಎದ್ದು ಹೋಗಿ ಒಂದು ಲೋಟ ನೀರು ತಂದು ಕೊಟ್ಟೆ. ಕುಡಿದರು. ಆಮೇಲೆ ಬಚ್ಚಲ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತೆ.

ಮರುತಪಾಸಣೆಗೆ ಪವಿತ್ರಳನ್ನೂ ಕರೆದುಕೊಂಡು ಬಂಗಾರಪೇಟೆಗೆ ಹೋದಾಗಲೂ ಅದೇ ಬಿಳಿ ಅಂಗಿ, ಅದೇ ಎಣ್ಣೆ. ಅದನ್ನು ನಾವು ಬದಲಿಸಲಿಲ್ಲ. ಬೆಂಚಿನ ಮೇಲೆ ಆ ಹೆಂಗಸು ನನ್ನನ್ನು ಪ್ರಶ್ನೆ ಕೇಳಿದ್ದು ಆಗಲೇ. ಹೆಸರು ಕರೆದಾಗ ಅವರು ಚಪ್ಪಲಿ ಬಿಟ್ಟು ಕೋಲು ಒರಗಿಸಲು ಹೋದರು. ನಾನು ಕೋಲನ್ನು ಅವರ ಕೈಗೇ ಒತ್ತಿದೆ. ಗರ್ಭಗುಡಿಗೆ ಕೊಡೆ ಹಿಡಿದು ಹೋಗುವವರ ಹಾಗೆ ಸಂಕೋಚದಿಂದ ಒಳಗೆ ಹೋದರು. ಅದೇ ಡಾಕ್ಟರು.

“ಹೇಗಿದ್ದೀರಪ್ಪಾ?”

“ಚೆನ್ನಾಗಿ...” ಎಂದು ಶುರು ಮಾಡಿ, ಪವಿತ್ರಳ ಕಡೆ ನೋಡಿದರು. ಕೋಲಿನ ಹಿಡಿಯನ್ನು ಬಿಗಿ ಮಾಡಿದರು. “ಇಲ್ಲ ಸಾರ್. ನೀರ್ ಕುಡಿಯಕ್ಕೆ ಭಯ ಸಾರ್.”

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೊಂದಾಗಿ ಎಲ್ಲ ಹೇಳಿಸಿದರು. ಗುಂಡಿ ಹಾಕಿಸಿ ನೋಡಿದರು, ಎಡಗೈಗೆ ಸೂಜಿ ಮುಟ್ಟಿಸಿ ನೋಡಿದರು. ಕೋಲಿಲ್ಲದೆ ನಿಲ್ಲಿಸಿ, ಬೀಳುವ ಮೊದಲು ತಾವೇ ಹಿಡಿದರು.

“ಆವತ್ತೇ ಯಾಕೆ ಹೇಳ್ಲಿಲ್ಲ?”

“ಎಂಗಿದೀಯ ಅಂದ್ರಲ್ಲ ಸಾರ್. ಯಾರಾನ ಅಂಗ್ ಕೇಳ್ದಾಗ ಕಷ್ಟ ಹೇಳ್ಕಂತಾರಾ?”

ಡಾಕ್ಟರು ನಗಲಿಲ್ಲ. ಬರೆದುಕೊಂಡರು.

ಹೊರಗೆ ಬಂದಾಗ ಆ ಹೆಂಗಸಿನ ಗಂಡನ ಸರದಿ. ಅವಳು ಅವನನ್ನು ಎಬ್ಬಿಸಿ, ಚಪ್ಪಲಿ ಬಿಡಿಸಿ, ಅವನ ಕೋಲನ್ನು ಗೋಡೆಗೆ ಒರಗಿಸುತ್ತಿದ್ದಳು. “ಕೋಲು ಒಳಕ್ ತಗಂಡೋಗಮ್ಮಾ” ಅಂದೆ. ಅವಳು ಅರ್ಥವಾಗದೆ ನನ್ನನ್ನು ನೋಡಿದಳು, ಆದರೆ ತೆಗೆದುಕೊಂಡು ಹೋದಳು.

ಮತ್ತೆ ಮೊದಲಿನ ದೊಡ್ಡ ದುಡ್ಡು ಬರಲು ಶುರುವಾಯಿತು. ನಾನು ಕಾರ್ಖಾನೆಯ ಬಸ್ಸು ಬಿಟ್ಟು ಹೊಲಿಗೆ ಯಂತ್ರಕ್ಕೆ ಮರಳಿದೆ. ನನ್ನ ಗಂಡ ಮುಕ್ಕಾಲು ಪಾಲಿಗಿಂತ ಹೆಚ್ಚು ಅಂಗವಿಕಲ ಎಂದು ಮತ್ತೆ ಬರೆದದ್ದಕ್ಕೆ ನಾನು ದೇವರಿಗೆ ಕೈಮುಗಿದೆ. ಮುಗಿದ ಕೈಯನ್ನು ನೋಡಿಕೊಂಡೆ. ಯಾವುದಕ್ಕೆ ಕೈಮುಗಿದೆನೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಆ ತಿಂಗಳು ದುಡ್ಡು ತಂದು ಎಂದಿನಂತೆ ಅವರ ಬಲಗೈಗೆ ಕೊಡಲು ಹೋದೆ. ಅವರು ಬಲಗೈಯನ್ನು ಹಿಂದಕ್ಕೆ ಎಳೆದುಕೊಂಡರು.

“ಎಡಗೈಗಿಡು” ಅಂದರು.

ಎಡಗೈಯಲ್ಲಿ ದುಡ್ಡು ಕೊಡಬಾರದು, ತೆಗೆದುಕೊಳ್ಳಬಾರದು. ಲಕ್ಷ್ಮಿಗೆ ಅವಮಾನ. ನನ್ನ ಅಮ್ಮ ನೋಡಿದ್ದರೆ ನನ್ನ ಕೈಗೇ ಬಡಿಯುತ್ತಿದ್ದಳು. “ಏನ್ರೀ ಇದು” ಅಂದೆ.

“ಆ ಕಡೆಯೋರು ದುಡ್ದವ್ರೆ ಕಣೇ. ದುಡ್ದೋರ್ ಕೈಗ್ ಕೊಡು.”

ಅವರ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ನೋಟುಗಳನ್ನು ಅದರ ಮೇಲಿಟ್ಟೆ. ಬೆರಳು ಮುಚ್ಚಲಿಲ್ಲ, ನೋಟು ಜಾರಿ ನೆಲಕ್ಕೆ ಬಿತ್ತು. ಎತ್ತಿ, ಕಣ್ಣಿಗೊತ್ತಿಕೊಂಡು, ಮತ್ತೆ ಇಟ್ಟೆ. ಈ ಸಲ ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲಿನಿಂದ ನನ್ನ ಕೈ ಮುಚ್ಚಿ ಹಿಡಿದುಕೊಂಡೆ. ಅವರಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರು, “ತಗೋ” ಅಂದರು.